ಮುಲಾಗೊ ಗುಡ್ಡದ ಟಿಪ್ಪಣಿಗಳು

1
ಉಗಾಂಡಾ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಇರುವುದು ಕಂಪಾಲ ನಗರದ ಮುಲಾಗೊ ಗುಡ್ಡದ ಮೇಲೆ. ಫ್ರೆಡ್ ಹಚ್ ಕ್ಯಾನ್ಸರ್ ಕೇಂದ್ರ ಇರುವುದು ಅಮೆರಿಕದ ಸಿಯಾಟಲ್‌ನಲ್ಲಿ. ಎರಡೂ ಜೊತೆಗೂಡಿದ್ದು 2004ರಲ್ಲಿ. 2024ಕ್ಕೆ 20 ವರ್ಷ ತುಂಬಿತು.

2
ಕಂಪಾಲದಲ್ಲಿ ಬೆಳಿಗ್ಗೆ 8 ಗಂಟೆಯಾದಾಗ ಸಿಯಾಟಲ್‌ನಲ್ಲಿ ಹಿಂದಿನ ದಿನದ ರಾತ್ರಿ 9. ಬೇಸಿಗೆಯಲ್ಲಿ ಗಡಿಯಾರ ಮುಂದೆ ಹೋಗಿ 10. ಎರಡೂ ಕಡೆಯವರು ಎಚ್ಚರವಿದ್ದು ಮಾತಾಡಲು ದಿನದ ಎರಡು ಅಂಚುಗಳು ಮಾತ್ರ ಸಿಗುತ್ತವೆ.

3
ಫ್ರೆಡ್ ಹಚಿನ್ಸನ್ ವೈದ್ಯರಲ್ಲ. ಬೇಸ್‌ಬಾಲ್ ಆಟಗಾರ, ಆಮೇಲೆ ತಂಡಗಳ ಮ್ಯಾನೇಜರ್. 1964ರ ನವೆಂಬರ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 45. ಅಣ್ಣ ಬಿಲ್ ಶಸ್ತ್ರವೈದ್ಯರು. ತಮ್ಮನ ಹೆಸರಿನಲ್ಲಿ ಅವರು ಕಟ್ಟಿದ ಸಂಶೋಧನಾ ಕೇಂದ್ರ 1975ರಲ್ಲಿ ಬಾಗಿಲು ತೆರೆಯಿತು.

4
ಅಸ್ಥಿಮಜ್ಜೆಯ ಕಸಿಯನ್ನು ಸಾಧ್ಯವಾಗಿಸಿದ ಡೊನಾಲ್ ಥಾಮಸ್ ಕೆಲಸ ಮಾಡಿದ್ದು ಅಲ್ಲಿ. ನೊಬೆಲ್ ಬಂದದ್ದು 1990ರಲ್ಲಿ. ಇಂಥ ಜಾಗದವರು ಕಂಪಾಲಕ್ಕೆ ಏಕೆ ಹೋದರು ಎಂಬುದು ಮೊದಲು ನನಗೆ ಹೊಳೆಯಲಿಲ್ಲ. ಹಳೆಯ ಕತೆಯಿಂದ ಶುರು ಮಾಡಿದೆ.

5
1957. ಮುಲಾಗೊ ಆಸ್ಪತ್ರೆಯ ಮಕ್ಕಳ ವಾರ್ಡು. ಐದು ವರ್ಷದ ಹುಡುಗ. ದವಡೆಯ ನಾಲ್ಕೂ ಮೂಲೆ ಊದಿದೆ, ಹಲ್ಲು ಅಲುಗಾಡುತ್ತಿವೆ. ವೈದ್ಯ ಹ್ಯೂ ಟ್ರೊವೆಲ್ ಸಹೋದ್ಯೋಗಿ ಡೆನಿಸ್ ಬರ್ಕಿಟ್‌ರನ್ನು ನೋಡಲು ಕರೆದರು. ಸೋಂಕಾದರೆ ನಾಲ್ಕೂ ಕಡೆ ಒಟ್ಟಿಗೆ ಬರುವುದಿಲ್ಲ. ಗಡ್ಡೆಯಾದರೂ ಹಾಗೆ ಬರಬಾರದು. ಬರ್ಕಿಟ್ ಫೋಟೋ ತೆಗೆದಿಟ್ಟುಕೊಂಡರು.

6
ಕೆಲವು ವಾರಗಳ ಮೇಲೆ ಬರ್ಕಿಟ್ ಜಿಂಜಾ ಊರಿನ ಆಸ್ಪತ್ರೆಗೆ ಹೋಗಿದ್ದರು. ಕಿಟಕಿಯಾಚೆ ಒಂದು ಮಗು ಕಂಡಿತು. ಅದೇ ಮುಖ. ಹೊರಗೆ ಹೋಗಿ ಹೊಟ್ಟೆ ಮುಟ್ಟಿ ನೋಡಿದರು. ಒಳಗೂ ಗಡ್ಡೆ.

ಅಲ್ಲಿಂದ ಮುಂದೆ ಆಸ್ಪತ್ರೆಯ ಹಳೆಯ ದಾಖಲೆ ತೆಗೆದು ಓದಲು ಕೂತರು. ದವಡೆಯ ಗಡ್ಡೆ ಇದ್ದ ಮಕ್ಕಳ ಹೊಟ್ಟೆಯಲ್ಲೂ ಗಡ್ಡೆ. ಅಲ್ಲಿಯವರೆಗೆ ಒಂದೊಂದಕ್ಕೆ ಒಂದೊಂದು ಹೆಸರು ಬರೆದಿದ್ದರು.

7
ಬರ್ಕಿಟ್ ಐರ್ಲೆಂಡಿನ ಉತ್ತರ ಭಾಗದವರು. ಹುಡುಗನಾಗಿದ್ದಾಗ ಕಲ್ಲೇಟು ಬಿದ್ದು ಒಂದು ಕಣ್ಣು ಹೋಗಿತ್ತು. ಆ ಕಾರಣಕ್ಕೇ ವಸಾಹತು ಸರ್ಕಾರ ಮೊದಲ ಸಲ ಅವರನ್ನು ವೈದ್ಯರಾಗಿ ತೆಗೆದುಕೊಳ್ಳಲಿಲ್ಲ.

8
ಕಂಪಾಲಕ್ಕೆ ಬರುವ ಮೊದಲು ಅವರು ಲಿರಾ ಎಂಬ ಊರಿನಲ್ಲಿದ್ದರು. ಅಲ್ಲಿ ಒಂದು ವಿಷಯ ಗಮನಿಸಿದ್ದರು: ಬೀಜ ಊದಿಕೊಳ್ಳುವ ಕಾಯಿಲೆ ಜಿಲ್ಲೆಯ ಪೂರ್ವಕ್ಕೆ ಹೆಚ್ಚು, ಪಶ್ಚಿಮಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಅದು ಸೊಳ್ಳೆ ಹರಡುವ ಹುಳುವಿನ ಕಾಯಿಲೆ. ಕಾಯಿಲೆಗೆ ಗಡಿ ಇರುತ್ತದೆ ಎಂಬುದನ್ನು ಬರ್ಕಿಟ್ ಅಲ್ಲಿ ಕಂಡಿದ್ದರು.

9
ದವಡೆಯ ಗಡ್ಡೆಗೂ ಗಡಿ ಇದೆಯೇ? 25 ಪೌಂಡು ಅನುದಾನ ಸಿಕ್ಕಿತು. ಆ ಹಣದಲ್ಲಿ ಮಕ್ಕಳ ಫೋಟೋ ಇರುವ ಕರಪತ್ರ ಅಚ್ಚು ಹಾಕಿಸಿ ಆಫ್ರಿಕಾದ ಆಸ್ಪತ್ರೆಗಳಿಗೆ ಅಂಚೆಯಲ್ಲಿ ಕಳಿಸಿದರು. ಇಂಥ ಮಗುವನ್ನು ನೋಡಿದ್ದೀರಾ ಎಂಬುದೊಂದೇ ಪ್ರಶ್ನೆ.

10
ಉತ್ತರಗಳು ಬಂದವು. ಗೋಡೆಯ ನಕ್ಷೆಗೆ ಗುಂಡುಸೂಜಿ ಚುಚ್ಚುತ್ತ ಹೋದರು. ಸಮಭಾಜಕ ವೃತ್ತದ ಎರಡೂ ಬದಿಗೆ ಒಂದು ಪಟ್ಟಿ ಮೂಡಿತು. ಪೂರ್ವ ಕರಾವಳಿಯಲ್ಲಿ ಆ ಪಟ್ಟಿಗೆ ಬಾಲದಂತೆ ದಕ್ಷಿಣಕ್ಕೆ ಇಳಿದ ಒಂದು ಎಳೆ.

11
ಆ ಎಳೆಯ ತುದಿ ಎಲ್ಲಿ ಎಂದು ನೋಡಲು 1961ರ ಅಕ್ಟೋಬರ್‌ನಲ್ಲಿ ಹೊರಟರು. ಜೊತೆಗೆ ಟೆಡ್ ವಿಲಿಯಮ್ಸ್, ಕ್ಲಿಫ್ ನೆಲ್ಸನ್. ಇಬ್ಬರೂ ವೈದ್ಯರು. 250 ಪೌಂಡಿಗೆ ಕೊಂಡ ಹಳೆಯ ಫೋರ್ಡ್ ಸ್ಟೇಷನ್ ವ್ಯಾಗನ್. ಹತ್ತು ವಾರ, 10,000 ಮೈಲಿ. ದಾರಿಯಲ್ಲಿ ಸಿಕ್ಕ ಆಸ್ಪತ್ರೆಗಳಲ್ಲಿ ನಿಲ್ಲುವುದು, ಫೋಟೋ ತೋರಿಸುವುದು, ಹೌದು ಅಥವಾ ಇಲ್ಲ ಎಂಬುದನ್ನು ಬರೆದುಕೊಳ್ಳುವುದು.

ಕ್ಯಾನ್ಸರ್ ಸಂಶೋಧನೆಯಲ್ಲಿ ನನಗೆ ಬಹಳ ಇಷ್ಟವಾದ ಅಧ್ಯಾಯ ಇದು. ಪ್ರಯೋಗಾಲಯವಿಲ್ಲ. ರಸ್ತೆ ಇದೆ, ಪ್ರಶ್ನೆ ಇದೆ, ನೋಟ್‌ಬುಕ್ ಇದೆ.

12
ಅವರಿಗೆ ಸಿಕ್ಕಿದ್ದು: ಪೂರ್ವ ಆಫ್ರಿಕಾದಲ್ಲಿ 5,000 ಅಡಿಗಿಂತ ಎತ್ತರದಲ್ಲಿ ಗಡ್ಡೆ ಇಲ್ಲ. ದಕ್ಷಿಣಕ್ಕೆ ಹೋದಂತೆ ಆ ಎತ್ತರ 3,000ಕ್ಕೆ ಇಳಿಯುತ್ತದೆ. ಇನ್ನೂ ದಕ್ಷಿಣಕ್ಕೆ 1,000.

ಹಾಗಾದರೆ ಅಡ್ಡ ನಿಂತದ್ದು ಎತ್ತರವಲ್ಲ, ಚಳಿ. ಮಳೆ ಕಡಿಮೆ ಇರುವಲ್ಲೂ ಗಡ್ಡೆ ಇಲ್ಲ.

13
ಚಳಿ ಮತ್ತು ಒಣಹವೆಗೆ ಹೆದರುವುದು ಸೊಳ್ಳೆ ಎಂದು ಗುರುತಿಸಿದವರಲ್ಲಿ ಅಲೆಕ್ಸಾಂಡರ್ ಹ್ಯಾಡೊ ಒಬ್ಬರು. ಅವರು ಉಗಾಂಡಾದ ಎಂಟೆಬ್ಬೆಯ ವೈರಸ್ ಸಂಶೋಧನಾ ಸಂಸ್ಥೆಯವರು. ಜೀಕಾ ಕಾಡಿನಿಂದ ಜೀಕಾ ವೈರಸ್ ಹೊರತಂದವರಲ್ಲೂ ಅವರಿದ್ದರು.

14
ಎಂಟೆಬ್ಬೆಯ ಸಂಸ್ಥೆಯನ್ನು 1936ರಲ್ಲಿ ಶುರು ಮಾಡಿಸಿದ್ದು ರಾಕ್‌ಫೆಲರ್ ಪ್ರತಿಷ್ಠಾನ, ಹಳದಿ ಜ್ವರಕ್ಕಾಗಿ. ಪುಣೆಯ ವೈರಸ್ ಸಂಶೋಧನಾ ಕೇಂದ್ರ ಶುರುವಾದದ್ದೂ ಅದೇ ಪ್ರತಿಷ್ಠಾನದ ಕೈ ಸೇರಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪುಣೆಯವರು ಮೊದಲು ಅನುಮಾನಿಸಿದ್ದು ಹಳದಿ ಜ್ವರವನ್ನು. ಆಗಿರಲಿಲ್ಲ. ಅದು ಉಣ್ಣಿ ಹರಡುವ ಬೇರೆಯೇ ವೈರಸ್.

ಮುಲಾಗೊದಲ್ಲಿ ಆ ಹುಡುಗ ಮಲಗಿದ್ದ ವರ್ಷವೂ ಅದೇ.

15
1961ರ ಮಾರ್ಚ್ 22. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆ. ರಜೆಯ ಮೇಲೆ ಬಂದಿದ್ದ ಬರ್ಕಿಟ್‌ರ ಉಪನ್ಯಾಸ. ಕೇಳಲು ಬಂದವರಲ್ಲಿ ಆಂಟನಿ ಎಪ್‌ಸ್ಟೈನ್. ಅವರು ಕೋಳಿಗಳಿಗೆ ಕ್ಯಾನ್ಸರ್ ತರುವ ವೈರಸ್ಸಿನ ಮೇಲೆ ಕೆಲಸ ಮಾಡುತ್ತಿದ್ದರು. ಈ ಗಡ್ಡೆಯ ಹಿಂದೆಯೂ ವೈರಸ್ ಇರಬಹುದೆಂದು ಊಹಿಸಿ, ಮಾತು ಮುಗಿಯುವ ಮೊದಲೇ ಕೋಳಿಗಳನ್ನು ಬಿಡಲು ತೀರ್ಮಾನಿಸಿದ್ದರು.

16
ಕಂಪಾಲದಿಂದ ಲಂಡನ್ನಿಗೆ ವಿಮಾನದಲ್ಲಿ ಗಡ್ಡೆಯ ತುಂಡುಗಳು ಹೋಗತೊಡಗಿದವು. ಎರಡು ವರ್ಷಕ್ಕೂ ಹೆಚ್ಚು ಕಾಲ ವೈರಸ್ ಕಾಣಲಿಲ್ಲ.

17
1963ರ ಡಿಸೆಂಬರ್. ಲಂಡನ್ನಿನಲ್ಲಿ ಮಂಜು. ವಿಮಾನ ಮ್ಯಾಂಚೆಸ್ಟರ್‌ನಲ್ಲಿ ಇಳಿಯಿತು. ತುಂಡು ಲಂಡನ್ ಮುಟ್ಟುವಾಗ ತಡವಾಗಿತ್ತು. ಸೀಸೆಯ ದ್ರವ ಕದಡಿತ್ತು. ಕೆಟ್ಟಿದೆ ಎಂದು ಎಸೆಯಬೇಕಾದ ಸ್ಥಿತಿ.

ಎಪ್‌ಸ್ಟೈನ್ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬ್ಯಾಕ್ಟೀರಿಯಾ ಇರಲಿಲ್ಲ. ಪ್ರಯಾಣದ ಕುಲುಕಾಟಕ್ಕೆ ಗಡ್ಡೆಯಿಂದ ಬಿಡಿಬಿಡಿಯಾಗಿ ಕಳಚಿದ ಜೀವಕೋಶಗಳು. ಜೀವಂತ. ಅವು ತೇಲಿಕೊಂಡೇ ಬೆಳೆದವು. 1964ರ ಫೆಬ್ರುವರಿಯಲ್ಲಿ ಅವುಗಳೊಳಗೆ ವೈರಸ್ ಕಂಡಿತು.

ವಿಮಾನ ಹೊತ್ತಿಗೆ ಸರಿಯಾಗಿ ಇಳಿದಿದ್ದರೆ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

18
ವೈರಸ್ ಕಂಡದ್ದನ್ನು ತಿಳಿಸಿದ ಲೇಖನಕ್ಕೆ ಮೂರು ಹೆಸರು: ಎಪ್‌ಸ್ಟೈನ್, ಆಕಾಂಗ್, ಬಾರ್. ವೈರಸ್ಸಿಗೆ ಎರಡು: ಎಪ್‌ಸ್ಟೈನ್-ಬಾರ್. ಬರ್ಟ್ ಆಕಾಂಗ್ ಟ್ರಿನಿಡಾಡ್‌ನಿಂದ ಬಂದವರು.

19
ವೈರಸ್ಸಿನ ಮುಂದಿನ ಪ್ರಯಾಣ ಅಮೆರಿಕದ ಫಿಲಡೆಲ್ಫಿಯಾಕ್ಕೆ. ಅಲ್ಲಿ ವರ್ನರ್ ಹೆನ್ಲೆ ಮತ್ತು ಗರ್ಟ್ರೂಡ್ ಹೆನ್ಲೆ ದಂಪತಿ. ಅವರು ಯಾರ ರಕ್ತ ಪರೀಕ್ಷಿಸಿದರೂ ಪ್ರತಿಕಾಯ ಸಿಗುತ್ತಿತ್ತು. ತಮ್ಮದೇ ಪ್ರಯೋಗಾಲಯದ ಒಬ್ಬ ತಂತ್ರಜ್ಞೆಯ ರಕ್ತದಲ್ಲಿ ಇರಲಿಲ್ಲ. ಆಕೆ ಗಂಟಲು ನೋವು, ಜ್ವರ ಎಂದು ಮಲಗಿ ಎದ್ದು ಬಂದಳು. ಈಗ ಇತ್ತು.

ಅಮೆರಿಕದ ಕಾಲೇಜು ಹುಡುಗರಿಗೆ ಬರುವ ಗ್ರಂಥಿ ಜ್ವರ, ಉಗಾಂಡಾದ ಮಕ್ಕಳ ದವಡೆಯ ಗಡ್ಡೆ. ವೈರಸ್ ಒಂದೇ.

20
ಜಗತ್ತಿನ ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನರ ಮೈಯಲ್ಲಿ ಅದು ಇದೆ. ಇದನ್ನು ಬರೆಯುತ್ತಿರುವವನ ಮೈಯಲ್ಲೂ ಇರಬಹುದು.

21
ಎಲ್ಲರಲ್ಲೂ ಇರುವ ವೈರಸ್ ಕೆಲವೇ ಮಕ್ಕಳಿಗೆ ಗಡ್ಡೆ ತರುವುದು ಹೇಗೆ? ಗಡ್ಡೆಯ ಪಟ್ಟಿಯಲ್ಲಿ ಮಲೇರಿಯಾ ವರ್ಷವಿಡೀ ಇರುತ್ತದೆ. ಜಂಜಿಬಾರ್ ದ್ವೀಪದಲ್ಲಿ ಆಗ ಮಲೇರಿಯಾ ಹತೋಟಿಗೆ ಬಂದಿತ್ತು, ಗಡ್ಡೆಯೂ ಇರಲಿಲ್ಲ. ಆದರೆ ಆ ಪಟ್ಟಿಯಲ್ಲಿ ಮಲೇರಿಯಾ ಬರದ ಮಗುವೇ ಅಪರೂಪ. ಅಲ್ಲಿಗೂ ಲೆಕ್ಕ ಮುಗಿಯುವುದಿಲ್ಲ.

22
ಟಾಂಜಾನಿಯಾದ ಉತ್ತರ ಮಾರಾದಲ್ಲಿ 1977ರಿಂದ ಮಕ್ಕಳಿಗೆ ಮಲೇರಿಯಾ ತಡೆಯಲು ಕ್ಲೋರೋಕ್ವಿನ್ ಹಂಚಿದರು. ಗಡ್ಡೆ ಕಡಿಮೆಯಾಯಿತು. ದಾಖಲೆ ತೆಗೆದು ನೋಡಿದರೆ ಮಾತ್ರೆ ಹಂಚುವ ಮೊದಲೇ ಇಳಿಯತೊಡಗಿತ್ತು.

23
ಎಲೆಯಿಲ್ಲದ, ಪೆನ್ಸಿಲ್ ಗಾತ್ರದ ಕೊಂಬೆಗಳ ಕಳ್ಳಿ. ಮುರಿದರೆ ಹಾಲು ಸುರಿಯುತ್ತದೆ. ನಮ್ಮ ಬಯಲುಸೀಮೆಯ ಹೊಲಗಳ ಬೇಲಿಯಲ್ಲಿದೆ. ಕೆಲವೆಡೆ ಬೊಂತಗಳ್ಳಿ ಎನ್ನುತ್ತಾರೆ. ಅದು ಹುಟ್ಟಿದ್ದು ಆಫ್ರಿಕಾದಲ್ಲಿ. ಅಲ್ಲೂ ಮನೆಗಳ ಸುತ್ತ ಬೇಲಿಗೆ ನೆಡುತ್ತಾರೆ. ಅದರ ಹಾಲು ಮಲಗಿರುವ ಎಪ್‌ಸ್ಟೈನ್-ಬಾರ್ ವೈರಸ್ಸನ್ನು ಎಬ್ಬಿಸುತ್ತದೆ ಎಂದು ಪ್ರಯೋಗಾಲಯಗಳು ಕಂಡಿವೆ. ಗಡ್ಡೆಯಲ್ಲಿ ಅದರ ಪಾಲೂ ಇದೆಯೇ ಎಂಬ ಅನುಮಾನ ಇನ್ನೂ ಅನುಮಾನವಾಗಿಯೇ ಇದೆ.

24
ಗಡ್ಡೆಗೆ ಕೊಡುವ ಔಷಧಗಳಲ್ಲಿ ಒಂದು ವಿಂಕ್ರಿಸ್ಟಿನ್. ತೆಗೆಯುವುದು ನಿತ್ಯಪುಷ್ಪದ ಗಿಡದಿಂದ. ನಮ್ಮ ಮನೆಗಳ ಮುಂದೆ ಯಾರೂ ನೀರು ಹಾಕದಿದ್ದರೂ ಅರಳುವ ಆ ಗಿಡ ಮಡಗಾಸ್ಕರ್‌ನಿಂದ ಬಂದದ್ದು.

ಇನ್ನೊಂದು ಸೈಕ್ಲೋಫಾಸ್ಫಮೈಡ್. ಯುದ್ಧದ ಸಾಸಿವೆ ಅನಿಲದ ವಂಶದ್ದು.

25
ಈ ಗಡ್ಡೆ ಒಂದೆರಡು ದಿನದಲ್ಲಿ ಇಮ್ಮಡಿಯಾಗಬಲ್ಲದು. ಮನುಷ್ಯರಿಗೆ ಬರುವ ಗಡ್ಡೆಗಳಲ್ಲಿ ಇಷ್ಟು ವೇಗ ಬೇರೆಯದಕ್ಕೆ ಇಲ್ಲ. ಔಷಧ ಬಿದ್ದರೆ ಕರಗುವುದೂ ಅಷ್ಟೇ ಬೇಗ. ಬರ್ಕಿಟ್ ಕೊಟ್ಟ ಒಂದೆರಡು ಡೋಸಿಗೆ ದಿನಗಳಲ್ಲಿ ಮಕ್ಕಳ ಮುಖ ಮೊದಲಿನಂತಾಗಿತ್ತು. ಕೆಲವರಿಗೆ ಗಡ್ಡೆ ಮರಳಿ ಬಂತು. ಕೆಲವರಿಗೆ ಬರಲೇ ಇಲ್ಲ.

ಕ್ಯಾನ್ಸರ್ ಔಷಧದಿಂದ ವಾಸಿಯಾಗುತ್ತದೆ ಎಂದು ಹೇಳಲು ವೈದ್ಯರು ಹಿಂಜರಿಯುತ್ತಿದ್ದ ಕಾಲ ಅದು.

26
1967ರಲ್ಲಿ ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಮತ್ತು ಮಕೆರೆರೆ ವಿಶ್ವವಿದ್ಯಾಲಯ ಸೇರಿ ಮುಲಾಗೊದಲ್ಲಿ ಲಿಂಫೋಮಾ ಚಿಕಿತ್ಸಾ ಕೇಂದ್ರ ತೆರೆದವು. ದವಡೆಯ ಗಡ್ಡೆ ಲಿಂಫೋಮಾ ಎಂಬ ಬಗೆಯ ಕ್ಯಾನ್ಸರ್. ಜಾನ್ ಜೀಗ್ಲರ್ ಎಂಬ ಯುವ ವೈದ್ಯ ಅಮೆರಿಕದಿಂದ ಬಂದು ನಡೆಸಿದರು. ಉಗಾಂಡಾ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಶುರುವಾದದ್ದು ಹೀಗೆ. ಅಂದರೆ 20 ವರ್ಷದ ಈ ಜೊತೆಗಾರಿಕೆ ಆ ಗುಡ್ಡಕ್ಕೆ ಮೊದಲನೆಯದಲ್ಲ.

27
ಮಗು ವಾಸಿಯಾಗಿ ಊರಿಗೆ ಹೋದ ಮೇಲೆ ಬದುಕಿದೆಯೇ ಇಲ್ಲವೇ ಎಂದು ತಿಳಿಯದಿದ್ದರೆ ಔಷಧದ ಲೆಕ್ಕ ಸಿಗುವುದಿಲ್ಲ. ಫೋನಿಲ್ಲ, ಮನೆ ನಂಬರಿಲ್ಲ. ಸಂಸ್ಥೆಯ ಜನ ಗಾಡಿ ತೆಗೆದುಕೊಂಡು ಹಳ್ಳಿ ಹುಡುಕಿ ಹೋಗುತ್ತಿದ್ದರು.

28
1972ರ ಆಗಸ್ಟ್. ಉಗಾಂಡಾದ ಸರ್ವಾಧಿಕಾರಿ ಈದಿ ಅಮೀನ್ ಏಷ್ಯಾ ಮೂಲದವರಿಗೆ ದೇಶ ಬಿಡಲು 90 ದಿನ ಕೊಟ್ಟ. ವೈದ್ಯರೂ ಹೋದರು. ಜೀಗ್ಲರ್ ಕೂಡ ಅದೇ ವರ್ಷ ಹೊರಟರು.

29
1972ರಲ್ಲೇ ಕ್ಯಾನ್ಸರ್ ಔಷಧ ಚಿಕಿತ್ಸೆಗೆ ಲಾಸ್ಕರ್ ಪ್ರಶಸ್ತಿ ಬಂತು. ಪಡೆದವರಲ್ಲಿ ಬರ್ಕಿಟ್, ಜೀಗ್ಲರ್, ಕ್ಯಾಮರೂನಿನ ಅನೋಮಾ ಎನ್‌ಗು ಇದ್ದಾರೆ.

30
ಜೀಗ್ಲರ್ ಹೋದ ಮೇಲೆ ಸಂಸ್ಥೆ ಉಗಾಂಡಾದವರೇ ಆದ ಚಾರ್ಲ್ಸ್ ಒಲ್ವೆನಿ ಅವರ ಕೈಗೆ ಬಂತು. ಅಮೀನನ ಕಾಲದ ಕಂಪಾಲ. ಸಾಮಾನಿಲ್ಲ, ಔಷಧವಿಲ್ಲ, ರಾತ್ರಿ ಓಡಾಡುವಂತಿಲ್ಲ. 1975ರಲ್ಲಿ ಒಲ್ವೆನಿ ಮತ್ತು ಸಹೋದ್ಯೋಗಿಗಳು ಯಕೃತ್ತಿನ ಕ್ಯಾನ್ಸರ್‌ಗೆ ಏಡ್ರಿಯಾಮೈಸಿನ್ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಮುಂದೆ ಬಹಳ ವರ್ಷ ಜಗತ್ತಿನ ಬೇರೆಡೆಯ ವೈದ್ಯರು ಆ ಕಾಯಿಲೆಗೆ ಆ ಔಷಧವನ್ನೇ ನೆಚ್ಚಿದರು.

ಇದು ಇನ್ನೂ ಹೆಚ್ಚು ಜನರಿಗೆ ಗೊತ್ತಿರಬೇಕಿತ್ತು.

31
ಅದೇ ವರ್ಷಗಳಲ್ಲಿ ಉಗಾಂಡಾದ ವೆಸ್ಟ್ ನೈಲ್ ಜಿಲ್ಲೆಯಲ್ಲಿ ಒಂದು ತಂಡ 42,000 ಮಕ್ಕಳ ರಕ್ತ ಸಂಗ್ರಹಿಸಿತು. ಕಾಯಿಲೆ ಬರುವ ಮೊದಲೇ ತೆಗೆದ ರಕ್ತ. ಅದು ಫ್ರಾನ್ಸಿನ ಲಿಯಾನ್‌ಗೆ ಹೋಗಿ ಹಿಮಪೆಟ್ಟಿಗೆ ಸೇರಿತು. ಆಮೇಲೆ ಕಾಯುವುದು. 1978ರ ಹೊತ್ತಿಗೆ ಅವರಲ್ಲಿ 14 ಮಕ್ಕಳಿಗೆ ಗಡ್ಡೆ ಬಂದಿತ್ತು. ಹಿಂದಿನ ರಕ್ತ ತೆಗೆದು ನೋಡಿದರೆ ಆ ಮಕ್ಕಳಲ್ಲಿ ವೈರಸ್ಸಿನ ಪ್ರತಿಕಾಯ ಮೊದಲಿನಿಂದಲೂ ಹೆಚ್ಚಿತ್ತು.

ಆ 42,000 ಮಕ್ಕಳಲ್ಲಿ ಈಗ ಬದುಕಿರುವವರು 50 ದಾಟಿದವರು. ಆ ರಕ್ತದಿಂದ ಏನು ತಿಳಿಯಿತೆಂದು ಅವರಿಗೆ ಯಾರಾದರೂ ಹೇಳಿದ್ದಾರೆಯೇ?

32
ಬರ್ಕಿಟ್ ಆಫ್ರಿಕಾ ಬಿಟ್ಟ ಮೇಲೆ ನಾರಿನಂಶದ ಆಹಾರದ ಬಗ್ಗೆ ಹೇಳುತ್ತ ಊರೂರು ತಿರುಗಿದರು. ಇಂಗ್ಲೆಂಡಿನಲ್ಲಿ ಅವರು ಹೆಸರಾದದ್ದು ಗಡ್ಡೆಗಿಂತ ಹೊಟ್ಟಿನಿಂದ.

33
ಜೀಗ್ಲರ್ ಅಮೆರಿಕಕ್ಕೆ ಮರಳಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಸಿದರು. 1980ರ ದಶಕದ ಆರಂಭದಲ್ಲಿ ಅಲ್ಲಿನ ಯುವಕರ ಚರ್ಮದ ಮೇಲೆ ನೇರಳೆ ಕಲೆಗಳು ಕಾಣಿಸಿಕೊಂಡವು: ಕಪೋಸಿ ಸಾರ್ಕೋಮಾ. ಅಮೆರಿಕದ ವೈದ್ಯರಿಗೆ ಅದು ಅಪರೂಪ. ಜೀಗ್ಲರ್‌ಗೆ ಕಂಪಾಲದಿಂದ ಪರಿಚಯವಿದ್ದ ಕಾಯಿಲೆ. ಏಡ್ಸ್ ರೋಗಿಗಳಲ್ಲಿ ಲಿಂಫೋಮಾವನ್ನೂ ಕಂಡು 1984ರಲ್ಲಿ ಬರೆದರು.

34
ಏಡ್ಸ್ ಬರುವ ಎಷ್ಟೋ ಮೊದಲೇ ಉಗಾಂಡಾದಲ್ಲಿ ಕಪೋಸಿ ಸಾರ್ಕೋಮಾ ಇತ್ತು, ಹೆಚ್ಚಾಗಿ ಪಾದಗಳಲ್ಲಿ. ಬರಿಗಾಲಲ್ಲಿ ನಡೆಯುವವರ ಚರ್ಮದೊಳಗೆ ಜ್ವಾಲಾಮುಖಿಯ ಮಣ್ಣಿನ ಕಣ ಇಳಿಯುವುದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದು ಜೀಗ್ಲರ್ 1993ರಲ್ಲಿ ಕೇಳಿದರು. ಮರುವರ್ಷ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಅದರ ವೈರಸ್ ಕಂಡುಹಿಡಿದರು. ಎಪ್‌ಸ್ಟೈನ್-ಬಾರ್‌ಗೆ ದಾಯಾದಿ.

ಮಣ್ಣಿನ ಪ್ರಶ್ನೆ ಹಾಗೇ ಉಳಿಯಿತು.

35
ಜಗತ್ತಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಏಳರಲ್ಲೊಂದು ಸೋಂಕಿನಿಂದ ಬರುತ್ತದೆ. ಸಹಾರಾದ ದಕ್ಷಿಣಕ್ಕೆ ಅದು ಮೂರರಲ್ಲೊಂದಕ್ಕೆ ಹತ್ತಿರ. ಸಿಯಾಟಲ್‌ನವರು ಕಂಪಾಲಕ್ಕೆ ಏಕೆ ಹೋದರು ಎಂಬುದು ಇಲ್ಲಿಗೆ ಹೊಳೆಯಿತು.

36
2004. ಕಂಪಾಲದ ಸಂಸ್ಥೆಯ ಮುಖ್ಯಸ್ಥರಾದವರು ಜಾಕ್ಸನ್ ಒರೆಮ್. ಆಗ ಇಡೀ ಉಗಾಂಡಾಕ್ಕೆ ಕ್ಯಾನ್ಸರ್ ತಜ್ಞರೆಂದು ಇದ್ದವರು ಅವರೊಬ್ಬರೇ.

ಆ ಒಬ್ಬರು ಜ್ವರ ಬಂದು ಮಲಗಿದರೆ ಇಡೀ ದೇಶಕ್ಕೆ ಕ್ಯಾನ್ಸರ್ ವೈದ್ಯರಿಲ್ಲ.

37
ಸಿಯಾಟಲ್‌ನ ಲ್ಯಾರಿ ಕೋರಿ, ಕೋರಿ ಕ್ಯಾಸ್ಪರ್ ವೈರಸ್‌ಗಳನ್ನು ಹುಡುಕುವವರು. ಒರೆಮ್‌ಗೆ ಬೇಕಾದದ್ದು ವೈದ್ಯರು. ಒಪ್ಪಂದದಲ್ಲಿ ಎರಡೂ ಸೇರಿದವು. ಉಗಾಂಡಾದ ವೈದ್ಯರು ಸಿಯಾಟಲ್‌ಗೆ ಹೋಗಿ ಕಲಿತು ಮರಳಿದರು.

ಕಲಿತವರು ಮರಳಿದರು ಎಂಬ ವಾಕ್ಯದ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ನಮ್ಮ ಕಡೆಯಿಂದ ಹೋದವರ ಬಗ್ಗೆ ಇಷ್ಟು ನೇರವಾಗಿ ಹೀಗೆ ಬರೆಯಲು ಆಗುವುದಿಲ್ಲ.

38
ಎರಡೂ ಸಂಸ್ಥೆಗಳ ಜಂಟಿ ಅಧ್ಯಯನಗಳಲ್ಲೊಂದು: ಕಂಪಾಲದ ಮನೆಗಳಲ್ಲಿ ಹುಟ್ಟಿದ ಮಗುವಿನ ಬಾಯಿಂದ ವಾರಕ್ಕೊಮ್ಮೆ ಜೊಲ್ಲಿನ ಮಾದರಿ. ತಾಯಿಯದ್ದೂ, ಮನೆಯ ಬೇರೆ ಮಕ್ಕಳದ್ದೂ. ವೈರಸ್ ಯಾವ ವಾರ, ಯಾರ ಬಾಯಿಂದ ಮಗುವಿಗೆ ದಾಟಿತು ಎಂದು ನೋಡಲು. ವೈರಸ್ ದಾಟುವ ದಾರಿ ಎಂದರೆ ಮುತ್ತು, ತುತ್ತು, ಚಪ್ಪರಿಸಿದ ಬೆರಳು.

39
2015ರ ಮೇ ತಿಂಗಳಲ್ಲಿ ಮುಲಾಗೊ ಗುಡ್ಡದಲ್ಲಿ ಜಂಟಿ ಕಟ್ಟಡ ತೆರೆಯಿತು. ಮೂರು ಮಹಡಿ. ಚಿಕಿತ್ಸೆ, ಪ್ರಯೋಗಾಲಯ, ತರಬೇತಿ ಒಂದೇ ಸೂರಿನಡಿ. ಮಾದರಿಗಳ ಪರೀಕ್ಷೆ ಅಲ್ಲೇ ಆಗತೊಡಗಿತು.

40
2016. ನಮ್ಮ ರೋಗಿಗಳು ಕರೆಂಟ್ ಇಡುವುದು ಎನ್ನುವ ವಿಕಿರಣ ಚಿಕಿತ್ಸೆಗೆ ಉಗಾಂಡಾದಲ್ಲಿ ಇದ್ದದ್ದು ಒಂದೇ ಯಂತ್ರ. ಮುಲಾಗೊದಲ್ಲಿ. ಅದು ಕೆಟ್ಟಿತು. ರಿಪೇರಿಯಾಗಲಿಲ್ಲ. 1995ರ ಕೋಬಾಲ್ಟ್ ಯಂತ್ರ. ಕೆಲವರನ್ನು ಸರ್ಕಾರ ಕೀನ್ಯಾದ ನೈರೋಬಿಗೆ ಕಳಿಸಿತು. ಉಳಿದವರು ಕಾದರು. ಕೆಲವರಿಗೆ ಕಾಯುವಷ್ಟು ಕಾಲ ಇರಲಿಲ್ಲ.

41
ಕೋಬಾಲ್ಟ್-60ರ ಶಕ್ತಿ ಐದೂಕಾಲು ವರ್ಷಕ್ಕೆ ಅರ್ಧವಾಗುತ್ತದೆ. ಯಂತ್ರ ಹೊರಗಿನಿಂದ ಮೊದಲಿನಂತೆಯೇ ಕಾಣುತ್ತದೆ. ರೋಗಿ ಅದರ ಕೆಳಗೆ ಮಲಗುವ ಹೊತ್ತು ಮಾತ್ರ ಇಮ್ಮಡಿಯಾಗುತ್ತದೆ.

42
ಹೊಸ ಯಂತ್ರ ಉದ್ಘಾಟನೆಯಾದದ್ದು 2018ರ ಜನವರಿಯಲ್ಲಿ. ನಡುವೆ ಸುಮಾರು ಎರಡು ವರ್ಷ. ಯಂತ್ರ ಕೊಂಡರೆ ಮುಗಿಯಲಿಲ್ಲ. ವಿಕಿರಣ ಹೊರಬಾರದಂತೆ ದಪ್ಪ ಗೋಡೆಯ ಕೋಣೆ ಬೇಕು.

43
2018ರ ಜುಲೈನಲ್ಲಿ ಭಾರತದ ಪ್ರಧಾನಿ ಕಂಪಾಲದಲ್ಲಿ ಇದೇ ಸಂಸ್ಥೆಗೆ ಭಾಭಾಟ್ರಾನ್ ಎಂಬ ವಿಕಿರಣ ಚಿಕಿತ್ಸೆಯ ಯಂತ್ರವೊಂದನ್ನು ಉಡುಗೊರೆಯಾಗಿ ಘೋಷಿಸಿದರು. ಭಾಭಾಟ್ರಾನ್ ರೂಪಿಸಿದ್ದು ಮುಂಬಯಿಯ ಭಾಭಾ ಅಣುಶಕ್ತಿ ಕೇಂದ್ರ. ತಯಾರಿಸುವುದು ಬೆಂಗಳೂರಿನ ಪನೇಸಿಯಾ ಕಂಪನಿ.

44
ಗಡ್ಡೆಯ ತುಂಡು ಖಂಡ ದಾಟಲು ಒಂದು ರಾತ್ರಿ ಸಾಕು. ಗಡ್ಡೆಯಿರುವ ಮಗು ಹಳ್ಳಿಯಿಂದ ಕಂಪಾಲ ತಲುಪಲು ವಾರಗಳು, ಕೆಲವೊಮ್ಮೆ ತಿಂಗಳುಗಳು. ಮೊದಲು ಹಲ್ಲುನೋವು ಎನ್ನುತ್ತಾರೆ. ಹಲ್ಲು ಕೀಳಿಸುತ್ತಾರೆ. ಮಲೇರಿಯಾಕ್ಕೆ ಮಾತ್ರೆ ಕೊಡುತ್ತಾರೆ. ಬಸ್ಸಿಗೆ ಹಣ ಹೊಂದಿಸುತ್ತಾರೆ. ಒಂದೆರಡು ದಿನಕ್ಕೆ ಇಮ್ಮಡಿಯಾಗುವ ಗಡ್ಡೆಗೆ ಇದೆಲ್ಲ ತುಂಬಾ ಕಾಲ.

45
ಚಿಕಿತ್ಸೆ ಶುರುವಾಗಿ ಮುಖದ ಊತ ಇಳಿದ ಕೂಡಲೇ ಕೆಲವು ತಾಯಂದಿರು ಮಗುವನ್ನು ಕರೆದುಕೊಂಡು ಊರಿಗೆ ಹೋಗುತ್ತಾರೆ. ಮನೆಯಲ್ಲಿ ಉಳಿದ ಮಕ್ಕಳಿದ್ದಾರೆ, ಹೊಲವಿದೆ. ಮಗು ವಾಸಿಯಾದಂತೆ ಕಾಣುತ್ತದೆ. ಇನ್ನೂ ಡೋಸುಗಳು ಬಾಕಿ ಇರುತ್ತವೆ.

ಅವರನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

46
ಎಪ್‌ಸ್ಟೈನ್ ಈ ವೈರಸ್ಸಿಗೆ ಲಸಿಕೆ ಬೇಕೆಂದು 1976ರಲ್ಲೇ ವಾದಿಸಿದ್ದರು. ಅವರು 2024ರ ಫೆಬ್ರುವರಿಯಲ್ಲಿ ತೀರಿಕೊಂಡರು. ವಯಸ್ಸು 102. ಆಗಲೂ ಯಾವ ಲಸಿಕೆಯೂ ಬಳಕೆಗೆ ಬಂದಿರಲಿಲ್ಲ.

47
2018ರಲ್ಲಿ ಫ್ರೆಡ್ ಹಚ್‌ನ ತಂಡವೊಂದು ವೈರಸ್ ಜೀವಕೋಶದೊಳಗೆ ಹೋಗದಂತೆ ತಡೆಯುವ ಒಂದು ಪ್ರತಿಕಾಯವನ್ನು ಪ್ರಕಟಿಸಿತು. ಲಸಿಕೆಯ ಗುರಿ ಎಲ್ಲಿರಬೇಕು ಎಂಬುದನ್ನು ಅದು ತೋರಿಸುತ್ತದೆ.

48
ಲಸಿಕೆ ಬಂದರೆ ಯಾವ ವಯಸ್ಸಿಗೆ ಕೊಡುವುದು? ಸಿಯಾಟಲ್‌ನಂಥ ಊರಿನಲ್ಲಿ ಬಹಳ ಮಂದಿಗೆ ಈ ವೈರಸ್ ತಗಲುವುದು ಹದಿಹರೆಯದಲ್ಲಿ. ಶಾಲೆಯಲ್ಲಿ ಚುಚ್ಚಿದರೂ ಹಲವರಿಗೆ ತಡವಾಗಲಾರದು. ಕಂಪಾಲದಲ್ಲಿ ಬಹುಪಾಲು ಮಕ್ಕಳಿಗೆ ಮೂರು ವರ್ಷ ತುಂಬುವ ಮೊದಲೇ ತಗಲಿರುತ್ತದೆ, ಕೆಲವರಿಗೆ ಮೊದಲ ಹುಟ್ಟುಹಬ್ಬಕ್ಕೂ ಮುಂಚೆ. ಅಲ್ಲಿ ತಾಯಿಯಿಂದ ಬಂದ ಪ್ರತಿಕಾಯ ಮಗುವಿನಲ್ಲಿ ಇಳಿಯುವುದಕ್ಕೂ ವೈರಸ್ ಬರುವುದಕ್ಕೂ ನಡುವೆ ಸಿಗುವುದು ಕೆಲವೇ ತಿಂಗಳು.